ಎಂಪಿ3 ಹಾಡು ಸಿ.ಡಿ.ಯ ಹತ್ತನೇ ಒಂದು ಭಾಗದಷ್ಟೇ ಇದ್ದರೂ ಹೆಚ್ಚುಕಡಿಮೆ ಹಾಗೆಯೇ ಕೇಳಿಸುವುದು ಹೇಗೆ?

ನಮ್ಮ ಕಿವಿ ಹೇಗೂ ಗ್ರಹಿಸಲಾರದ ವಿವರಗಳನ್ನು ಎಂಪಿ3 ಕೈಬಿಡುತ್ತದೆ ಅಥವಾ ಸ್ಥೂಲವಾಗಿ ಬರೆದಿಡುತ್ತದೆ. ಗಾತ್ರ ಇಳಿಯುವುದು ಮುಖ್ಯವಾಗಿ ಇದರಿಂದಲೇ.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಎಡ ಮತ್ತು ಬಲ ಕಿವಿಗಳಿಗೆ ಪ್ರತ್ಯೇಕವಾಗಿ 16 ಬಿಟ್‌ಗಳಲ್ಲಿ (ಅಂದರೆ 0 ಅಥವಾ 1 ಎಂಬ 16 ಅಂಕಿಗಳಲ್ಲಿ) ದಾಖಲಿಸಲಾಗುತ್ತದೆ. ಹೀಗಾಗಿ ಮೂರು ನಿಮಿಷದ ಹಾಡಿಗೆ ಸುಮಾರು 32 ಎಂಬಿ ಜಾಗ ಬೇಕು. ಅದೇ ಹಾಡು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆದಾಗ 3 ಎಂಬಿಯೊಳಗೆ ಮುಗಿಯುತ್ತದೆ.

ಇದನ್ನು ಸಾಧ್ಯವಾಗಿಸುವುದು ನಮ್ಮ ಶ್ರವಣದ ಒಂದು ಗುಣ: ಜೋರಾದ ಸದ್ದು ತನ್ನ ಆಸುಪಾಸಿನ ಸ್ಥಾಯಿಯ ಮೆಲುದನಿಗಳನ್ನು ಮುಚ್ಚಿಹಾಕುತ್ತದೆ. ಡ್ರಮ್ಮಿನ ಪೆಟ್ಟು ಬಿದ್ದ ಕ್ಷಣದಲ್ಲಿ, ಹತ್ತಿರದ ಸ್ಥಾಯಿಯಲ್ಲಿ ಸಣ್ಣಗೆ ಮಿಡಿಯುತ್ತಿರುವ ಗಿಟಾರಿನ ತಂತಿ ಧ್ವನಿಮುದ್ರಿಕೆಯಲ್ಲಿ ಇದ್ದರೂ ಕಿವಿಗೆ ಇಲ್ಲದಂತೆಯೇ. ಹಾಡನ್ನು ಚಿಕ್ಕಚಿಕ್ಕ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲೂ ಯಾವುದು ಯಾವುದರ ಅಡಿಯಲ್ಲಿ ಮರೆಯಾಗುತ್ತದೆ ಎಂದು ಲೆಕ್ಕಹಾಕುವ ತಂತ್ರಾಂಶ, ಮರೆಯಾಗುವ ಭಾಗಕ್ಕೆ ಬಿಟ್‌ಗಳನ್ನು ವ್ಯಯಿಸುವುದಿಲ್ಲ. ಮನುಷ್ಯನ ಕಿವಿಯನ್ನು ಇಷ್ಟು ಶ್ರದ್ಧೆಯಿಂದ ಅಧ್ಯಯನ ಮಾಡಿ ರೂಪಿಸಿದ ತಂತ್ರಗಳು ವಿರಳವೆಂದೇ ನನ್ನ ಭಾವನೆ.

ಆದರೆ ಬಿಟ್‌ಗಳನ್ನು ತೀರಾ ಕಡಿಮೆ ಮಾಡಿದರೆ ಕೇಳಿಸುವ ಭಾಗಕ್ಕೂ ಕತ್ತರಿ ಬೀಳುತ್ತದೆ. ಮೊದಲು ಕೆಡುವುದು ಸಾಮಾನ್ಯವಾಗಿ ಡ್ರಮ್ಮಿನ ಜೊತೆ ಬಾರಿಸುವ ಕಂಚಿನ ತಟ್ಟೆಗಳಾದ ಸಿಂಬಲ್‌ಗಳ ನಾದ. ಅದರ ಝೇಂಕಾರ ನೀರಿನಲ್ಲಿ ಕಲಕಿದಂತೆ ನಡುಗುತ್ತದೆ. ಒಮ್ಮೆ ಬಿಟ್ಟುಹೋದ ವಿವರ, ಆ ಕಡತವನ್ನು ಮತ್ತೆ ದೊಡ್ಡ ಗಾತ್ರಕ್ಕೆ ಪರಿವರ್ತಿಸಿದರೂ ಮರಳಿ ಬರುವುದಿಲ್ಲ.