ಬಾಡಿಗೆ ಮೋಟರ್‌ಹೋಮ್‌ನಲ್ಲಿ ಮರುಭೂಮಿ ದಾಟಿ ಫುಟ್‌ಬಾಲ್ ಮ್ಯಾಚ್‌ಗೆ: ಅಪ್ಪ ಅಮ್ಮ ಚಳಿ ತಡೀತಾರಾ?

ನೀವು ಕೇಳಿರುವುದು ಇಷ್ಟು: ಚಳಿಗಾಲದ ರಜೆಯಲ್ಲಿ ಲಾಸ್ ಏಂಜಲೀಸ್‌ನಿಂದ ಅರಿಜೋನಾದ ಗ್ಲೆಂಡೇಲ್‌ಗೆ ಫಿಯೆಸ್ಟಾ ಬೌಲ್ (ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ) ನೋಡಲು ಹೋಗಬೇಕು, ಮೋಟರ್‌ಹೋಮ್ (ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ) ಬಾಡಿಗೆಗೆ ಹಿಡಿಯೋಣ ಅಂತಿದ್ದೀರಿ, ಊರಿಂದ ಬಂದಿರುವ ಅಪ್ಪ ಅಮ್ಮನೂ ಜೊತೆಗಿದ್ದಾರೆ. ಮರುಭೂಮಿಯ ಚಳಿಯಲ್ಲಿ ಮಲಗೋದು ಆಗುತ್ತಾ?

ಆಗುತ್ತೆ, ಹೋಗಿ ಬನ್ನಿ. ಆದರೆ ಬ್ಯಾಟರಿ ಮೇಲೆ ಒಂದು ಕಣ್ಣಿಟ್ಟಿರಿ. ಯಾಕೆ ಅಂತ ಹೇಳ್ತೀನಿ.

ನಾವು ಹೋಗಿದ್ದು 2022ರ ಡಿಸೆಂಬರ್‌ನಲ್ಲಿ. ನನ್ನ ಹೆಂಡತಿ ಓದಿದ್ದು ಮಿಷಿಗನ್ ಯೂನಿವರ್ಸಿಟಿಯಲ್ಲಿ, ಅವರ ಟೀಮ್ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ಗೆ ಬಂದಿತ್ತು, ಆ ಸಲ ಅದು ಫಿಯೆಸ್ಟಾ ಬೌಲ್‌ನಲ್ಲೇ. ಅರಸೀಕೆರೆಯಿಂದ ನಮ್ಮ ಅಪ್ಪ ಅಮ್ಮ ಬಂದಿದ್ದರು. 25 ಅಡಿಯ ಗಾಡಿ ತಗೊಂಡೆವು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಮೋಟರ್‌ಹೋಮ್‌ಗೆ ಮಾಮೂಲಿ ಕಾರ್ ಲೈಸೆನ್ಸೇ ಸಾಕು. ಮೈಲೇಜ್ ಮಾತ್ರ ಕೇಳಬೇಡಿ, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ದೊಡ್ಡದು. ಪೆಟ್ರೋಲ್ ಅರಿಜೋನಾದಲ್ಲಿ ಅಗ್ಗ, ಅದಕ್ಕೇ ಗಡಿಯಲ್ಲಿರುವ ಕೊಲರಾಡೊ ನದಿ ದಾಟುವವರೆಗೆ ತಳ್ಳಿಕೊಂಡು ಹೋಗಿ, ಆಚೆ ದಡದಲ್ಲಿ ಟ್ಯಾಂಕ್ ತುಂಬಿಸಿ.

ದಾರಿ ಇಂಟರ್‌ಸ್ಟೇಟ್ 10 ಹೆದ್ದಾರಿ, ಒಟ್ಟು ಸುಮಾರು 590 ಕಿ.ಮೀ. ಫ್ಲಾಗ್‌ಸ್ಟಾಫ್ ಕಡೆಯಿಂದ ಸುತ್ತಿ ಹೋಗೋ ಆಸೆ ಇದ್ದರೆ ಬಿಟ್ಟುಬಿಡಿ. ಆ ಊರು 2,100 ಮೀಟರ್ ಎತ್ತರದಲ್ಲಿದೆ, ಹಿಮ ಬೀಳುತ್ತೆ. 10ರಲ್ಲಿ ಹಿಮದ ಕಾಟ ಇಲ್ಲ, ಗಾಳಿಯ ಕಾಟ ಇದೆ. ಪಾಮ್ ಸ್ಪ್ರಿಂಗ್ಸ್ ಹತ್ತಿರ ಸಾನ್ ಗೊರ್ಗೋನಿಯೊ ಕಣಿವೆಯಲ್ಲಿ ಸಾಲುಸಾಲು ಗಾಳಿಯಂತ್ರ ಕಾಣುತ್ತಲ್ಲ, ಅವನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಪಕ್ಕದಿಂದ ಗಾಳಿ ಹೊಡೆದರೆ ಇಡೀ ಗಾಡಿ ತೇರಿನ ಹಾಗೆ ತೂಗುತ್ತೆ. ಗಂಟೆಗೆ 90 ಕಿ.ಮೀ.ಗಿಂತ ಜಾಸ್ತಿ ಓಡಿಸಬೇಡಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಒಂದೇ ದಿನದಲ್ಲಿ ಮುಗಿಸಬೇಡಿ ಅನ್ನೋದು ನನ್ನ ಸಲಹೆ. ಚಿರಿಯಾಕೊ ಸಮ್ಮಿಟ್‌ನಲ್ಲಿ ಕಾಫಿಗೆ ನಿಲ್ಲಿಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜನರಲ್ ಪ್ಯಾಟನ್ ತನ್ನ ಸೈನಿಕರಿಗೆ ಮರುಭೂಮಿ ಯುದ್ಧದ ತರಬೇತಿ ಕೊಟ್ಟ ಸೀಮೆ ಅದು, ಮ್ಯೂಸಿಯಂ ಹೊರಗೆ ಟ್ಯಾಂಕುಗಳು ನಿಂತಿವೆ. ಅಪ್ಪ ಅಲ್ಲಿಂದ ಅಲ್ಲಾಡಲೇ ಇಲ್ಲ. ರಾತ್ರಿಗೆ ಕ್ವಾರ್ಟ್ಜ್‌ಸೈಟ್. ನದಿ ದಾಟಿ ಅರ್ಧ ಗಂಟೆಯೊಳಗೆ ಸಿಗುವ ಚಿಕ್ಕ ಊರು. ಚಳಿಗಾಲ ಬಂದರೆ ಊರ ಸುತ್ತ ಮರುಭೂಮಿ ತುಂಬಾ ಮೋಟರ್‌ಹೋಮ್‌ಗಳು. ಕೆನಡಾ ಮತ್ತು ಉತ್ತರದ ರಾಜ್ಯಗಳಿಂದ ನಿವೃತ್ತರಾದವರು ಹಿಮ ತಪ್ಪಿಸಿಕೊಂಡು ಬಂದು ತಿಂಗಳುಗಟ್ಟಲೆ ಇರ್ತಾರೆ, ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ಬಂದ ಹಾಗೆ. ಇವರಿಗೂ ಸ್ನೋಬರ್ಡ್ (ಹಿಮದ ಹಕ್ಕಿ) ಅಂತಲೇ ಹೆಸರು. ಸರ್ಕಾರಿ ಜಮೀನಿನಲ್ಲಿ ಕೆಲವು ಕಡೆ 14 ದಿನ ಪುಕ್ಕಟೆ ನಿಲ್ಲಿಸಬಹುದು. ನೀರಿಲ್ಲ, ಕರೆಂಟ್ ಇಲ್ಲ. ಮೇಲೆ ನಕ್ಷತ್ರ ಮಾತ್ರ ಧಾರಾಳ.

ನಮ್ಮ ಎಡವಟ್ಟು ಆಗಿದ್ದು ಅಲ್ಲೇ. ಹಗಲು ಶರ್ಟ್‌ನಲ್ಲಿ ಓಡಾಡಿದ್ದೆವು, ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯಿತು. ಹೀಟರ್ ಹಾಕಿ ಮಲಗಿದೆವು. ಮೂರು ಗಂಟೆಗೆ ಅಮ್ಮ ಎಬ್ಬಿಸಿದರು, "ಏನೋ, ಇದು ತಣ್ಣಗಾಯ್ತಲ್ಲೋ." ನೋಡಿದರೆ ಗ್ಯಾಸ್ ಪೂರ್ತಿ ಇದೆ, ಬ್ಯಾಟರಿ ಸತ್ತಿದೆ. ಇಲ್ಲಿ ಒಂದು ವಿಷಯ ತಿಳಿದುಕೊಂಡಿರಿ. ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸ್‌ನಲ್ಲಿ, ಆ ಬಿಸಿಗಾಳಿಯನ್ನು ಊದುವ ಫ್ಯಾನ್ ಓಡುವುದು ಬ್ಯಾಟರಿಯಲ್ಲಿ. ಸೌದೆ ಇದೆ, ಊದುಗೊಳವೆ ಇಲ್ಲ ಅಂದ ಹಾಗೆ. ಜನರೇಟರ್ ಹಾಕೋಣ ಅಂದರೆ ಅದನ್ನು ಸ್ಟಾರ್ಟ್ ಮಾಡುವುದಕ್ಕೂ ನಮ್ಮ ಗಾಡಿಯಲ್ಲಿ ಅದೇ ಬ್ಯಾಟರಿ ಬೇಕು! ಸಂಜೆಯೆಲ್ಲ ದೀಪ ಉರಿಸಿ, ಫೋನ್ ಚಾರ್ಜ್‌ಗೆ ಹಾಕಿ, ಹಾಡು ಹಾಕಿ ಕೂತಿದ್ದವನು ನಾನೇ. ಕೊನೆಗೆ ಗಾಡಿಯ ಎಂಜಿನ್ ಸ್ಟಾರ್ಟ್ ಮಾಡಿದೆ. ಎಂಜಿನ್ ಓಡಿದರೆ ಒಳಗಿನ ಬ್ಯಾಟರಿಯೂ ಚಾರ್ಜ್ ಆಗುತ್ತೆ. ಸ್ವಲ್ಪ ಹೊತ್ತಿಗೆ ಹೀಟರ್ ಗೊರಗೊರ ಅಂತು. ಅಕ್ಕಪಕ್ಕದ ಸ್ನೋಬರ್ಡ್‌ಗಳು ಮನಸ್ಸಿನಲ್ಲೇ ಬೈದಿರಬೇಕು.

ಆದ್ದರಿಂದ ಸಂಜೆ ಕತ್ತಲಾಗುವ ಮುಂಚೆ ಒಂದೆರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಿ. ಬಾಡಿಗೆ ಗಾಡಿಯಾದರೆ ಜನರೇಟರ್‌ಗೂ ಗಂಟೆಗೆ ಇಷ್ಟು ಅಂತ ಹಾಕುವುದುಂಟು, ಮೊದಲೇ ಕೇಳಿಕೊಳ್ಳಿ. ಹೀಟರ್ ಹದಿನೈದು ಡಿಗ್ರಿಗಿಟ್ಟು ದಪ್ಪ ರಜಾಯಿ ಹೊದೆಯಿರಿ. ಏನೇ ಆದರೂ ಬೆಚ್ಚಗಾಗಲಿ ಅಂತ ಅಡುಗೆ ಒಲೆ ಹಚ್ಚಿಟ್ಟು ಮಲಗಬೇಡಿ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತೆ.

ನೀರಿನದೂ ಅಷ್ಟೇ. ಪಾತ್ರೆ ತೊಳೆದ ನೀರು ಕೆಳಗೆ ಒಂದು ಟ್ಯಾಂಕಿಗೆ ಹೋಗುತ್ತೆ, ಅದು ತುಂಬಿದರೆ ಸ್ನಾನದ ಜಾಗದಲ್ಲಿ ಉಕ್ಕುತ್ತೆ. ಅಮ್ಮ ಅರಸೀಕೆರೆಯವರು, ಎರಡು ಚೊಂಬು ನೀರಲ್ಲಿ ಪಾತ್ರೆ ಮುಗಿಸ್ತಾರೆ. ನಲ್ಲಿ ಬಿಟ್ಟು ತೊಳೆದವನೂ ನಾನೇ.

ಬೆಳಗ್ಗೆ ಹೊರಡುವ ಮುಂಚೆ ಊರಿನ ಸ್ಮಶಾನದಲ್ಲಿರುವ ಪಿರಮಿಡ್ ನೋಡಿ. ಅದು ಹಾಜಿ ಅಲಿ ಅನ್ನುವವನ ಸಮಾಧಿ, ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಈ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆಗಳನ್ನು ತರಿಸಿತ್ತು. ಜೊತೆಗೆ ಬಂದ ಒಂಟೆಗಾರ ಇವನು. ಸ್ಥಳೀಯರ ಬಾಯಲ್ಲಿ ಹೆಸರು 'ಹೈ ಜಾಲಿ' ಆಗಿಹೋಯಿತು.

ಗಡಿಯಾರ ನೋಡಿಕೊಳ್ಳಿ. ಚಳಿಗಾಲದಲ್ಲಿ ಅರಿಜೋನಾ ಕ್ಯಾಲಿಫೋರ್ನಿಯಾಕ್ಕಿಂತ ಒಂದು ಗಂಟೆ ಮುಂದು. ಮಧ್ಯಾಹ್ನದ ಆಟವಾದರೆ ಇದು ಸಣ್ಣ ವಿಷಯ ಅಲ್ಲ. ಗಾಡಿಯನ್ನು ಸ್ಟೇಡಿಯಂವರೆಗೆ ಒಯ್ಯುವುದೂ ಬೇಡ. ಮೊದಲೇ ಒಂದು ಆರ್‌ವಿ ಪಾರ್ಕ್‌ನಲ್ಲಿ (ಮೋಟರ್‌ಹೋಮ್ ನಿಲ್ಲಿಸುವ ತಾಣ) ಜಾಗ ಬುಕ್ ಮಾಡಿ ಅಲ್ಲಿ ಬಿಟ್ಟು, ಕ್ಯಾಬ್ ಹಿಡಿಯಿರಿ. ನಾವು ಹಾಗೇ ಮಾಡಿದೆವು. ಅಮ್ಮನ ವ್ಯಾನಿಟಿ ಬ್ಯಾಗ್ ಮಾತ್ರ ಗೇಟ್‌ನಲ್ಲಿ ತಡೆದರು, ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗೇ ಆಗಬೇಕಂತೆ. ಅದರಲ್ಲಿದ್ದ ಕೋಡುಬಳೆಯನ್ನು ಗೇಟ್ ಹೊರಗೆ ನಿಂತೇ ತಿಂದು ಮುಗಿಸಿದೆವು.

ಸ್ಟೇಡಿಯಂ ನೋಡುವಂಥದ್ದು. ಚಾವಣಿ ತೆರೆಯುತ್ತೆ, ಹುಲ್ಲಿನ ಅಂಗಳ ಪೂರ್ತಿ ಹಳಿ ಮೇಲೆ ಹೊರಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬರುತ್ತೆ. ಆಟ ಮೂರೂವರೆ ಗಂಟೆ ದಾಟುತ್ತೆ, ಹಿರಿಯರಿಗೆ ಸ್ವೆಟರ್, ದಿಂಬು ಇರಲಿ. ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 51, ಮಿಷಿಗನ್ 45. ಮಿಷಿಗನ್ ಎಸೆದ ಎರಡು ಚೆಂಡನ್ನು ಎದುರಾಳಿಗಳೇ ಹಿಡಿದು ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಅಂಕ ಗಳಿಸಿದರು. ಹೆಂಡತಿ ಆ ರಾತ್ರಿ ಮಾತಾಡಲಿಲ್ಲ. ಅಪ್ಪನಿಗೆ ನಿಯಮ ಒಂದೂ ಅರ್ಥವಾಗಿರಲಿಲ್ಲ. "ಎರಡು ನಿಮಿಷ ಓಡ್ತಾರೆ, ಹತ್ತು ನಿಮಿಷ ಪಂಚಾಯ್ತಿ ಮಾಡ್ತಾರೆ" ಅಂದರು, ಆದರೂ ಕೊನೆಯವರೆಗೂ ನಿಂತೇ ನೋಡಿದರು.

ಇನ್ನೊಂದು ಮರೆತಿದ್ದೆ. ವಾಪಸ್ ಬರುವಾಗ ಬ್ಲೈತ್ ಹತ್ತಿರ ಕ್ಯಾಲಿಫೋರ್ನಿಯಾದ ಕೃಷಿ ತಪಾಸಣೆ ಇದೆ. ಹಣ್ಣು, ಗಿಡ, ಸೊಪ್ಪು ಇದೆಯಾ ಅಂತ ಕೇಳ್ತಾರೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನಲ್ಲೂ ಇರುತ್ತೆ, ಹಾಗಾಗಿ ಅದನ್ನು ಬಿಡೋದಿಲ್ಲ. ನಮ್ಮ ಕಟ್ಟು ಅಲ್ಲೇ ಹೋಯಿತು. ಕೊನೆಯ ದಿನದ ಉಪ್ಪಿಟ್ಟಿಗೆ ಎಲ್ಲ ಹಾಕಿ ಮುಗಿಸಿಬಿಡಿ.