ರಾಡ್ ಬದಲಿಸುವುದೋ, ರಿಂಗ್ ಹಾಕಿಸುವುದೋ? ಅದಕ್ಕಿಂತ ಮೊದಲು ಮಾತ್ರೆಯ ಲೆಕ್ಕ ಹೇಳಿ

"ಮೊಣಕಾಲ ಕೆಳಗಿನ ಮೂಳೆಗೆ ರಾಡ್ ಹಾಕಿ ಹತ್ತು ತಿಂಗಳಾದರೂ ಕೂಡಿಲ್ಲ. ಮಾತ್ರೆ ತಗೊಂಡರೆ ಕೀವು ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು" ಅಂತ ಬರೆದು, ರಾಡ್ ಬದಲಿಸಲೋ, ಕಾಲ ಸುತ್ತ ಹೊರಗಿಂದ ಕಟ್ಟುವ ರಿಂಗ್ ಹಾಕಿಸಲೋ ಅಂತ ಕೇಳಿದ್ದೀರಲ್ಲ, ಅದನ್ನು ಓದಿದಾಗ ನನ್ನ ಎಡಗಾಲು ಜುಮ್ಮೆಂದಿತು. ನನ್ನದೂ ಹೀಗೇ ಇತ್ತು: ಬೈಕ್ ಅಪಘಾತ, ಚರ್ಮ ಸೀಳಿ ಹೊರಬಂದ ಮೂಳೆ, ರಾಡ್, ಮೂರನೇ ತಿಂಗಳಿಂದ ಕೀವು.

ಸಣ್ಣ ರಾಡ್ ತೆಗೆದು ದಪ್ಪದ್ದು ಹಾಕಿದರೆ ಸಾಕೇ ಅಂತ ನಾನೂ ಕೇಳಿದ್ದೆ. ಸೋಂಕಿಲ್ಲದೆ ಸುಮ್ಮನೆ ಕೂಡದ ಮೂಳೆಗೆ ಅದು ಒಳ್ಳೆಯ ಉಪಾಯ. ಕೀವಿರುವ ಕಾಲಿಗೆ ಬೇರೆಯದೇ ಲೆಕ್ಕ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಅಂಟಿನಂಥ ಪೊರೆ ಕಟ್ಟಿಕೊಂಡು ಕೂತಿರುತ್ತವೆ. ಪಕ್ಕದ ಸತ್ತ ಮೂಳೆಗೆ ರಕ್ತವೇ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಮಾತ್ರೆ ಹೋಗುವುದು ಹೇಗೆ?

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಆಪರೇಷನ್‌ಗೆ 14 ದಿನ ಮೊದಲೇ ಆಂಟಿಬಯಾಟಿಕ್ ನಿಲ್ಲಿಸಿ ಅಂತ ಡಾಕ್ಟರು ಹೇಳಿದ್ದರು. ನಿಲ್ಲಿಸಿದ ಐದನೇ ದಿನ ಕೀವು ಬಂತು. ಹೆದರಿ, ಮನೆಯಲ್ಲಿ ಉಳಿದಿದ್ದ ಮಾತ್ರೆ ನುಂಗಿದೆ, ಹಿಂದಿನ ರಾತ್ರಿಯವರೆಗೂ. ಯಾರಿಗೂ ಹೇಳಲಿಲ್ಲ. ಒಳಗಿನ ಮಾಂಸ, ಮೂಳೆ ಲ್ಯಾಬಿನಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವ ಕಲ್ಚರ್‌ಗೆ ಹೋಯಿತು, "ಏನೂ ಬೆಳೆದಿಲ್ಲ" ಅಂತ ವರದಿ ಬಂತು. ಮಾತ್ರೆ ಸೂಕ್ಷ್ಮಾಣುವನ್ನು ಕೊಂದಿರಲಿಲ್ಲ, ಲ್ಯಾಬಿನ ತಟ್ಟೆಯಲ್ಲಿ ಬೆಳೆಯದಷ್ಟು ಅಮುಕಿಟ್ಟಿತ್ತು ಅಷ್ಟೆ. ಸೋಂಕು ಹೋಗಿದೆ ಎಂದುಕೊಂಡು ದಪ್ಪ ರಾಡ್ ಹಾಕಿದರು, ಅಂದಾಜಿನ ಮೇಲೆ ಔಷಧ ಕೊಟ್ಟರು. ಮೂರು ತಿಂಗಳಿಗೆ ಮತ್ತೆ ಕೀವು. ಒಂದು ಆಪರೇಷನ್ ದಂಡ.

ಹಾಗಾಗಿ ನಿಲ್ಲಿಸುವ ತಾರೀಖನ್ನು ಡಾಕ್ಟರ ಬಳಿ ಬರೆಸಿಕೊಳ್ಳಿ. ನಡುವೆ ಜ್ವರ ಬಂದರೆ ಫೋನ್ ಮಾಡಿ, ಡಬ್ಬಿಗೆ ಕೈ ಹಾಕಬೇಡಿ. ಕೀವು ಸೋರುವ ತೂತಿನಿಂದ ಹತ್ತಿಯಲ್ಲಿ ಒರೆಸಿ ಕಲ್ಚರ್‌ಗೆ ಕಳಿಸಿದರೆ ಸಾಲದು, ಅಲ್ಲಿ ಚರ್ಮದ ಮೇಲಿನ ಸೂಕ್ಷ್ಮಾಣುಗಳೇ ಬೆಳೆದುಬಿಡುತ್ತವೆ. ಆಪರೇಷನ್ ವೇಳೆ ಆಳದ ಬೇರೆ ಬೇರೆ ಜಾಗಗಳಿಂದ ಐದು ತುಂಡಾದರೂ ತೆಗೆಯಬೇಕು, ಒಂದೊಂದಕ್ಕೂ ಹೊಸ ಉಪಕರಣ. ಎರಡು ತುಂಡುಗಳಲ್ಲಾದರೂ ಒಂದೇ ಸೂಕ್ಷ್ಮಾಣು ಬೆಳೆದರೆ ಅದನ್ನು ನಂಬಬಹುದು. ಎರಡನೇ ಸಲ ನಾನು ನಿಯತ್ತಾಗಿ ಮಾತ್ರೆ ಬಿಟ್ಟೆ. ಐದರಲ್ಲಿ ಮೂರು ತುಂಡುಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆರು ವಾರ ಅದಕ್ಕೆ ತಕ್ಕ ಔಷಧ.

ಆ ಸಲ ರಾಡ್ ಪೂರ್ತಿ ತೆಗೆದರು. ಸತ್ತ ಮೂಳೆ ದಂತದ ಹಾಗೆ ಬಿಳಿಚಿಕೊಂಡಿರುತ್ತದೆ. ಅಂಚಿನಲ್ಲಿ ಖಾರದಪುಡಿ ಉದುರಿಸಿದಂತೆ ರಕ್ತದ ಚುಕ್ಕೆಗಳು ಜಿನುಗುವವರೆಗೂ ಕತ್ತರಿಸುತ್ತಾರೆ. ಇಲ್ಲಿ ಸಂಕೋಚಪಟ್ಟು ಕಡಿಮೆ ತೆಗೆದರೆ ಮುಂದಿನದೆಲ್ಲ ವ್ಯರ್ಥ. ನನಗೆ ಹೋದದ್ದು 5 ಸೆಂ.ಮೀ.

ಆ ಖಾಲಿ ಜಾಗ ತುಂಬಲು ರಿಂಗ್ ಅಲ್ಲದೆ ಇನ್ನೊಂದು ದಾರಿಯೂ ಇದೆ: ಆಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ಉಂಡೆ ಇಟ್ಟು, 6–8 ವಾರಕ್ಕೆ ಅದರ ಸುತ್ತ ಪೊರೆ ಬೆಳೆದ ಮೇಲೆ ಉಂಡೆ ತೆಗೆದು ಸೊಂಟದ ಮೂಳೆಯ ಚೂರು ತುಂಬುವುದು. ಅದು ಕೆಟ್ಟದ್ದಲ್ಲ. ಆದರೆ ನಾನು ರಿಂಗ್ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ಸೈಬೀರಿಯಾದ ಕುರ್ಗಾನ್ ಊರಿನ ಮೂಳೆ ಡಾಕ್ಟರ್ ಇಲಿಜಾರೋವ್ ರೂಪಿಸಿದ ವಿಧಾನ ಈ ರಿಂಗ್. ವರ್ಷಗಟ್ಟಲೆ ವಾಸಿಯಾಗದ ಕಾಲು ಹೊತ್ತು ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ 1980ರಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆಯೇ ಪಶ್ಚಿಮ ಯುರೋಪಿಗೆ ಇದು ಸರಿಯಾಗಿ ಗೊತ್ತಾಗಿದ್ದು. ಕಾಲ ಸುತ್ತ ಉಕ್ಕಿನ ಬಳೆಗಳು, ಮೂಳೆಯನ್ನು ತೂರಿ ಹೋಗುವ 1.8 ಮಿ.ಮೀ. ತಂತಿಗಳು, ಸೈಕಲ್ ಚಕ್ರದ ಕಡ್ಡಿಯಂತೆ ಬಿಗಿದಿರುತ್ತವೆ. ಮೊಣಕಾಲ ಕೆಳಗೆ ಆರೋಗ್ಯವಾಗಿರುವ ಕಡೆ ಮೂಳೆಯನ್ನು ಬೇಕೆಂದೇ ಕತ್ತರಿಸುತ್ತಾರೆ. ಏಳು ದಿನ ಸುಮ್ಮನಿದ್ದು, ಆ ಕತ್ತರಿಸಿದ ಜಾಗಕ್ಕೂ ಖಾಲಿ ಜಾಗಕ್ಕೂ ನಡುವಿನ ತುಂಡನ್ನು ದಿನಕ್ಕೆ 1 ಮಿ.ಮೀ. ಕೆಳಗೆ ಸರಿಸುತ್ತಾ ಹೋಗಬೇಕು. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ.

ಸರಿಸುವುದು ನೀವೇ, ಮನೆಯಲ್ಲಿ, 10 ನಂಬರ್ ಸ್ಪ್ಯಾನರ್‌ನಿಂದ. ನಟ್ ಒಂದು ಪೂರ್ತಿ ಸುತ್ತು ಬಂದರೆ 1 ಮಿ.ಮೀ. ದಿನಕ್ಕೆ ನಾಲ್ಕು ಸಲ ಕಾಲು ಕಾಲು ಸುತ್ತು. ನಟ್‌ಗೆ ಆರು ಮುಖ, ಕಾಲು ಸುತ್ತೆಂದರೆ ಒಂದೂವರೆ ಮುಖ, ಲೆಕ್ಕ ತಪ್ಪುವುದೇ ಇಲ್ಲಿ. ಹೆಂಡತಿಯ ನೈಲ್‌ಪಾಲಿಶ್‌ನಿಂದ ಗುರುತು ಹಾಕಿಕೊಂಡೆ. ಬೇಗ ತಿರುಗಿಸಿದರೆ ಹೊಸ ಮೂಳೆ ಬೆಳೆಯುವುದಿಲ್ಲ, ನಿಧಾನಿಸಿದರೆ ಕತ್ತರಿಸಿದ್ದು ಮೊದಲೇ ಕೂಡಿಕೊಂಡು ತುಂಡು ಸರಿಯುವುದೇ ಇಲ್ಲ. ಸರಿಸಲು ಹಿಡಿದದ್ದು 50 ದಿನ. ಹೊಸ ಮೂಳೆ ಗಟ್ಟಿಯಾಗುವುದೇ ದೊಡ್ಡ ಕೆಲಸ: ಸೆಂ.ಮೀ.ಗೆ ಒಂದೂವರೆಯಿಂದ ಎರಡು ತಿಂಗಳು ಅಂದುಕೊಳ್ಳಿ. ನನ್ನ ಕಾಲಲ್ಲಿ ರಿಂಗ್ ಹತ್ತೂವರೆ ತಿಂಗಳಿತ್ತು. ಕೆಳಗೆ ತುಂಡು ಬಂದು ತಾಗುವ ಕಡೆ ನಡುವೆ ಮಾಂಸ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಸೊಂಟದ ಮೂಳೆ ಇಟ್ಟರು. ಈ ಸಣ್ಣ ಆಪರೇಷನ್ ಹಲವರಿಗೆ ಬೇಕಾಗುತ್ತದೆ, ಖರ್ಚಿನ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ. ತಂತಿಯ ಬುಡ ಕೆಂಪಾಗಿ ಸೋರಿದರೆ ತಕ್ಷಣ ತೋರಿಸಿ. ರಿಂಗ್ ಇರುವಾಗಲೇ ಕಾಲೂರಿ ನಡೆಸುತ್ತಾರೆ, ಹಿಂಜರಿಯಬೇಡಿ. ಪಾದ ಕೆಳಗೆ ಜೋತುಬೀಳದಂತೆ ಅಂಗಾಲಿಗೆ ಹಲಗೆ ಕೊಟ್ಟು ರಿಂಗ್‌ಗೆ ಕಟ್ಟಲು ಹೇಳುತ್ತಾರೆ. ರಾತ್ರಿ ನಿದ್ದೆ ಕೆಡುತ್ತದೆಂದು ನಾನು ಅದನ್ನು ಬಿಚ್ಚಿಡುತ್ತಿದ್ದೆ. ಮೂಳೆ ಕೂಡಿದೆ, ಆದರೆ ಎಡ ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವುದಿಲ್ಲ, ಕುಕ್ಕರಗಾಲಲ್ಲಿ ಕೂತರೆ ಇವತ್ತಿಗೂ ಹಿಂದಕ್ಕೆ ವಾಲುತ್ತೇನೆ.