ಎರಡು ವಾರ ದಾಟಿದ ಮೇಲೂ ಬಾಣಂತಿಯ ಅಳು ನಿಂತಿಲ್ಲ ಅಂದರೆ ತೋರಿಸಿ

ಸೇಡಂನಿಂದ ಕೇಳಿದ ಅಣ್ಣಾ, ತಂಗಿ ಹಡೆದು 20 ದಿನ, ಸುಮ್ನೆ ಅಳ್ತಾಳೆ, ಕೂಸು ಮಲಗಿದರೂ ಆಕೆಗೆ ನಿದ್ದೆಯಿಲ್ಲ, ಅವ್ವ ಗಾಳಿ ಸೋಕು ಅಂತಾರೆ ಎಂದಿದ್ದೀರಿ. ಗಾಳಿ ಅಲ್ಲ. ಅವ್ವನ ಮೇಲೆ ಸಿಟ್ಟಾಗಬೇಡಿ, ಅವರಿಗೂ ಭಯ ಇರುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನು ಸರ್ರನೆ ಇಳಿಯುತ್ತವೆ. ಮೊದಲ ವಾರ ಅಳು ಸಹಜ, ಎರಡು ವಾರದೊಳಗೆ ತಾನೇ ಕಡಿಮೆಯಾಗುತ್ತದೆ. ಅದೂ ದಾಟಿದರೆ ಖಿನ್ನತೆ ಇರಬಹುದು. ಈ ವಾರವೇ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ. ಹಾಲುಣಿಸುವಾಗಲೂ ತಗೊಳ್ಳಬಹುದಾದ ಮಾತ್ರೆಗಳಿವೆ. ಅಷ್ಟರೊಳಗೆ ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಹಾಲು ಕುಡಿಸಿದ ಮೇಲೆ ಕೂಸನ್ನು ನೀವೇ ಎತ್ತಿಕೊಳ್ಳಿ, ಆಕೆ ಮಲಗಲಿ. ಸಾಯೋ ಮಾತಾಡಿದರೆ, ಯಾರದೋ ದನಿ ಕೇಳಿಸುತ್ತದೆ ಅಂದರೆ, ಕೂಸಿನ ಮೇಲೇ ಅನುಮಾನಪಟ್ಟರೆ ಒಬ್ಬಳನ್ನೇ ಬಿಡಬೇಡಿ. ಹಗಲಿರಲಿ ರಾತ್ರಿಯಿರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.